ಜಾಗ ಕೊಟ್ಟದ್ದು ಯಾರು? ನೆರಿಯದಿಂದ ನೋಡಿದ 1980

ಭಾಗ 1

ಮೊದಲ ಫೋಟೋ ಚಾರ್ಮಾಡಿ ಘಾಟಿ. ಮಳೆ ಬಿಟ್ಟ ಮೇಲೆ ಬೆಳಗ್ಗೆ ತೆಗೆದದ್ದು. ಮೋಡ ನೋಡಿ ಲೈಕ್ ಒತ್ತಿ ಮುಂದೆ ಹೋಗ್ಬೇಡಿ ಮಾರಾಯ್ರೆ, ಸ್ವಲ್ಪ ನಿಲ್ಲಿ. ಈ ಘಾಟಿಯ ಬುಡದ ಊರುಗಳಲ್ಲಿ ಒಂದು ನೆರಿಯ, ಬೆಳ್ತಂಗಡಿ ತಾಲೂಕು. ಹೊಳೆ, ಅಡಿಕೆ, ರಬ್ಬರ್, ಬೆನ್ನ ಹಿಂದೆ ಕಾಡು. ಘಾಟಿ ಹತ್ತಿದ್ರೆ ಕೊಟ್ಟಿಗೆಹಾರ, ಮೂಡಿಗೆರೆ, ಆಮೇಲೆ ಚಿಕ್ಕಮಗಳೂರು.

ಈಗ ಒಂದು ಪ್ರಶ್ನೆ. 1978ರಲ್ಲಿ ಇಂದಿರಾ ಗಾಂಧಿ ಚಿಕ್ಕಮಗಳೂರಿನಿಂದ ಲೋಕಸಭೆಗೆ ನಿಂತು ಗೆದ್ದದ್ದು ಎಲ್ಲರಿಗೂ ಗೊತ್ತುಂಟು. ಆ ಚುನಾವಣೆಯಲ್ಲಿ ನೆರಿಯದವರು ಓಟು ಹಾಕಿದ್ದಾರಾ?

"ಇಲ್ಲ, ನಮ್ಮದು ದಕ್ಷಿಣ ಕನ್ನಡ ಕ್ಷೇತ್ರ ಅಲ್ವಾ" ಅಂತ ಹೇಳ್ತೀರಿ. ಈಗ ಹೌದು. ಆದರೆ 2008ರ ಕ್ಷೇತ್ರ ಮರುವಿಂಗಡಣೆಗೆ ಮೊದಲು ಬೆಳ್ತಂಗಡಿ ಮತ್ತು ಕಾರ್ಕಳ ವಿಧಾನಸಭಾ ಕ್ಷೇತ್ರಗಳು ಇದ್ದದ್ದು ಚಿಕ್ಕಮಗಳೂರು ಲೋಕಸಭಾ ಕ್ಷೇತ್ರದಲ್ಲಿ. ಘಾಟಿ ಮೇಲಿನ ಆರು, ಘಾಟಿ ಕೆಳಗಿನ ಎರಡು. ಅಂದ್ರೆ ದೇಶವೇ ಬಾಯಿ ಬಿಟ್ಟು ನೋಡಿದ ಆ ಉಪಚುನಾವಣೆಯಲ್ಲಿ ನೆರಿಯದ ಜನವೂ ಸಾಲಿನಲ್ಲಿ ನಿಂತಿದ್ರು.

ಅದೇ ಜನ ಎರಡು ವರ್ಷದೊಳಗೆ ಹಾಕಿದ ಮೂರು ಓಟಿನ ಕಥೆ ಇದು. ಅವರಲ್ಲಿ ತುಂಬ ಮಂದಿ ಆಗಷ್ಟೇ ಜಾಗದ ಯಜಮಾನರಾದವರು, ಇಲ್ಲವೇ ಆಗುವುದಕ್ಕೆ ಕಾಯ್ತಾ ಇದ್ದವರು. ಜಾಗ ಕೊಡಿಸಿದ ಸರ್ಕಾರ ಒಂದು ಚುನಾವಣೆಯಲ್ಲಿ ಮಣ್ಣು ಮುಕ್ಕಿತು. ಹೇಗೆ?

ಸೇವ್ ಮಾಡಿಟ್ಕೊಳ್ಳಿ, ಉದ್ದ ಉಂಟು.

ಭಾಗ 2

ಎರಡನೇ ಫೋಟೋ: ಅಕ್ಕಿ ಮುಡಿ. ಬೈಹುಲ್ಲಲ್ಲಿ ಕಟ್ಟಿದ ಉಂಡೆ. ಈಗ ಹೋಮ್‌ಸ್ಟೇಯ ಜಗಲಿಯಲ್ಲಿ ಶೋಕಿಗೆ ಇಡ್ತಾರೆ. ನಮ್ಮ ಅಜ್ಜನ ಕಾಲದವರಿಗೆ ಅದನ್ನು ನೋಡಿದ್ರೆ ಶೋಕಿ ಅನ್ನಿಸ್ತಿರಲಿಲ್ಲ.

ಒಂದು ಮುಡಿ ಅಂದ್ರೆ 42 ಸೇರು. ಗೇಣಿ ಲೆಕ್ಕ ಮುಡಿಯಲ್ಲೇ. ಇಷ್ಟು ಗದ್ದೆಗೆ ವರ್ಷಕ್ಕೆ ಇಷ್ಟು ಮುಡಿ ಅಕ್ಕಿ ಧಣಿಗಳ ಮನೆಗೆ ಅಳೆಯಬೇಕು. ಮೂಲಗೇಣಿಯವರಿಗೆ ಸ್ವಲ್ಪ ಭದ್ರತೆ ಇತ್ತು, ಗೇಣಿ ಖಾಯಂ, ಒಕ್ಕಲುತನವೂ ಖಾಯಂ. ವಾಯಿದೆ ಗೇಣಿಯವರಿಗೆ ಅವಧಿ ಇತ್ತು. ಚಾಲಗೇಣಿಯವರಿಗೆ ಎಂತದ್ದೂ ಇಲ್ಲ. ಧಣಿಗಳಿಗೆ ಮನಸ್ಸಿದ್ದಷ್ಟು ದಿನ ಗದ್ದೆ, ಮನಸ್ಸು ಮುರಿದ ದಿನ ಪಾತ್ರೆ ಪಗಡಿ ಕಟ್ಟಿಕೊಂಡು ಹೊರಡುವುದು. ನಮ್ಮ ಜಿಲ್ಲೆಯಲ್ಲಿ ಹೆಚ್ಚಿನವರು ಈ ಚಾಲಗೇಣಿಯವರೇ.

1961ರ ಭೂಸುಧಾರಣಾ ಕಾಯ್ದೆ ಒಂದು ಇತ್ತು. 1965ರ ಅಕ್ಟೋಬರ್ 2ರಿಂದ ಜಾರಿ. ಆದರೆ "ಸ್ವಂತ ಸಾಗುವಳಿಗೆ ಬೇಕು" ಅಂತ ಹೇಳಿ ಜಾಗ ವಾಪಸು ಪಡೆಯುವ ಬಾಗಿಲನ್ನು ಅದು ತೆರೆದೇ ಇಟ್ಟಿತ್ತು. ಬಾಗಿಲು ತೆರೆದಿದ್ರೆ ದೊಡ್ಡವರು ಹೊರಗೆ ನಿಲ್ತಾರಾ?

1972ರ ಮಾರ್ಚ್‌ನಲ್ಲಿ ಹುಣಸೂರಿನ ದೇವರಾಜ ಅರಸು ಮುಖ್ಯಮಂತ್ರಿ ಆದ್ರು. ಅವರ ಸರ್ಕಾರ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂತು. ಒಂದೇ ದಿನದಲ್ಲಿ ರಾಜ್ಯದ ಗೇಣಿ ಜಮೀನೆಲ್ಲ ಕಾನೂನಿನ ಲೆಕ್ಕದಲ್ಲಿ ಸರ್ಕಾರಕ್ಕೆ ಸೇರಿತು. ಧಣಿ ವಾಪಸು ಪಡೆಯುವ ದಾರಿ ಮುಚ್ಚಿತು. ಉಳುತ್ತಿದ್ದವನು ನಮೂನೆ 7ರಲ್ಲಿ ಅರ್ಜಿ ಹಾಕಿ "ಇದು ನಾನು ಸಾಗುವಳಿ ಮಾಡಿಕೊಂಡು ಬಂದ ಜಾಗ" ಅಂತ ಹೇಳಬೇಕು, ಅಧಿಭೋಗದ ಹಕ್ಕು ಅವನಿಗೆ. ಇದನ್ನೇ ನಮ್ಮ ಕಡೆ "ಡಿಕ್ಲರೇಷನ್ ಕೊಡೋದು" ಅಂತ ಹೇಳಿದ್ದು. ಇವತ್ತಿಗೂ "ಡಿಕ್ಲರೇಷನ್ ಆದ ಜಾಗ" ಅಂದ್ರೆ ವಿವರಿಸಿ ಹೇಳಬೇಕಾದ್ದಿಲ್ಲ.

ಅರ್ಜಿ ತೀರ್ಮಾನಿಸಲು ತಾಲೂಕಿಗೆ ಭೂ ನ್ಯಾಯಮಂಡಳಿ. ಅಧ್ಯಕ್ಷರು ಸಹಾಯಕ ಆಯುಕ್ತರು, ಜೊತೆಗೆ ಸರ್ಕಾರ ನೇಮಿಸಿದ ನಾಲ್ವರು, ಅವರಲ್ಲಿ ಒಬ್ಬರು ಪರಿಶಿಷ್ಟ ಜಾತಿ ಅಥವಾ ಪಂಗಡದವರು. ಮತ್ತೆ ಒಂದು ವಿಷಯ ಗೊತ್ತುಂಟಾ? ವಕೀಲರಿಗೆ ಒಳಗೆ ಪ್ರವೇಶ ಇರಲಿಲ್ಲ! ಇತಿಹಾಸದಲ್ಲಿ ನನಗೆ ತುಂಬ ಇಷ್ಟವಾದ ಸಣ್ಣ ಕಲಮುಗಳಲ್ಲಿ ಇದೂ ಒಂದು. ಧಣಿಗೆ ಮಂಗಳೂರಿನ ದೊಡ್ಡ ವಕೀಲರನ್ನು ತರುವ ತಾಕತ್ತು ಉಂಟು, ಒಕ್ಕಲಿಗೆ ಇಲ್ಲ. ಹಾಗಾದ್ರೆ ಇಬ್ಬರೂ ಬಾಯಲ್ಲೇ ಹೇಳಿ ಅಂತ. (ಈ ನಿರ್ಬಂಧವನ್ನು 1987ರಲ್ಲಿ ಸುಪ್ರೀಂ ಕೋರ್ಟ್ ತೆಗೆದುಹಾಕಿತು. ಅಷ್ಟು ಹೊತ್ತಿಗೆ ಹೆಚ್ಚಿನ ಕೇಸು ಮುಗಿದಿತ್ತು.)

ಗೇಣಿ ಕೊಟ್ಟದ್ದಕ್ಕೆ ರಶೀದಿ ಇದ್ದ ಒಕ್ಕಲು ಎಷ್ಟು ಮಂದಿ? ನೆರೆಕರೆಯವರ ಬಾಯಿಮಾತೇ ಸಾಕ್ಷಿ. ಪಕ್ಕದ ಗದ್ದೆಯವನು ಬಂದು "ಹೌದು, ಇವರೇ ಬೇಸಾಯ ಮಾಡ್ತಿದ್ದದ್ದು" ಅನ್ನಬೇಕು. ಆ ಪಕ್ಕದ ಗದ್ದೆಯವನೂ ಅದೇ ಧಣಿಯ ಒಕ್ಕಲು ಆಗಿದ್ರೆ ಆ ಒಂದು ಮಾತಿಗೆ ಎಷ್ಟು ಧೈರ್ಯ ಬೇಕಿತ್ತು, ನೀವೇ ಲೆಕ್ಕ ಹಾಕಿ.

ಭಾಗ 3

ಇಲ್ಲಿ ಒಂದು ತಕರಾರು ಬರ್ತದೆ, ಗೊತ್ತುಂಟು. "ಅರಸು ಕಾಂಗ್ರೆಸ್ ಅಲ್ವಾ, ಎಡಪಂಥೀಯ ಸರ್ಕಾರ ಅಂತ ಹೇಗೆ ಹೇಳ್ತೀರಿ?"

ಕರ್ನಾಟಕದಲ್ಲಿ ಕಮ್ಯುನಿಸ್ಟ್ ಸರ್ಕಾರ ಬಂದದ್ದೇ ಇಲ್ಲ, ಸರಿ. ಬಾವುಟದ ಬಣ್ಣ ಬಿಟ್ಟು ಕೆಲಸ ನೋಡಿ. ಕೇರಳದಲ್ಲಿ ಗೇಣಿ ಪದ್ಧತಿ ಮುಗಿದದ್ದು 1970ರ ಜನವರಿ 1ರಂದು, ಸಿಪಿಐನ ಅಚ್ಯುತ ಮೆನನ್ ಮುಖ್ಯಮಂತ್ರಿ ಆಗಿದ್ದಾಗ. ಪಶ್ಚಿಮ ಬಂಗಾಳದ ಎಡರಂಗ ಪಾಲುದಾರ ರೈತರ ಹೆಸರು ಬರೆಸುವ ಬರ್ಗಾ ಕಾರ್ಯಾಚರಣೆ ಶುರು ಮಾಡಿದ್ದು 1978ರಲ್ಲಿ. ನಮ್ಮದು ಇವೆರಡರ ನಡುವೆ, 1974. ಹಾವನೂರು ಆಯೋಗ, ಹಿಂದುಳಿದ ವರ್ಗಗಳ ಮೀಸಲಾತಿ, ಬಡವರ ಸಾಲ ಮನ್ನಾ, ಜೀತ ಮುಕ್ತಿ, ಇವೆಲ್ಲ ಅದೇ ಸರ್ಕಾರದ ಕಾಲದವು. 1972ರಲ್ಲಿ ಪಕ್ಕದ ಬಂಟ್ವಾಳದ ಶಾಸಕರು ಸಿಪಿಐನ ಬಿ.ವಿ. ಕಕ್ಕಿಲ್ಲಾಯರು, 1978ರಲ್ಲಿ ಅವರೇ ವಿಟ್ಲದಿಂದ ಗೆದ್ರು. ಒಕ್ಕಲುಗಳ ಪ್ರಶ್ನೆ ಈ ಮಣ್ಣಿಗೆ ಅರಸು ಬರುವ ಮೊದಲೇ ಗೊತ್ತಿತ್ತು. ರೈತ ಸಂಘದವರು, ಕಮ್ಯುನಿಸ್ಟರು, ಸಮಾಜವಾದಿಗಳು ಹೇಳಿಕೊಂಡು ಬಂದದ್ದನ್ನೇ ಅರಸು ಕಾನೂನು ಮಾಡಿದ್ರು. ಕೆಲಸದ ಲೆಕ್ಕದಲ್ಲಿ ನಾನು ಅದನ್ನು ಎಡ ಅಂತಲೇ ಬರೆಯುವುದು. ನಿಮಗೆ ಒಪ್ಪಿಗೆ ಇಲ್ಲದಿದ್ರೆ ಕಮೆಂಟ್‌ನಲ್ಲಿ ಜಗಳ ಮಾಡುವ.

ಭಾಗ 4

ಈ ಫೋಟೋದಲ್ಲಿ ಮಡಚಿ ಮಡಚಿ ಗೆರೆ ಹರಿದ ಕಾಗದ, ತಗಡಿನ ಪೆಟ್ಟಿಗೆಯಲ್ಲಿದ್ದದ್ದು. ನಮ್ಮ ಮನೆಯದ್ದೇ. ಹೆಸರು, ಸರ್ವೆ ನಂಬರ್ ಮುಚ್ಚಿದ್ದೇನೆ.

ನಮ್ಮ ಅಜ್ಜಿ ಆ ಗದ್ದೆಗೆ ಕೊನೆವರೆಗೂ "ಡಿಕ್ಲರೇಷನ್ ಗದ್ದೆ" ಅಂತಲೇ ಹೇಳ್ತಿದ್ದದ್ದು. "ಜಾಗ ಕೊಟ್ಟದ್ದು ಯಾರಜ್ಜಿ?" ಅಂದ್ರೆ ಉತ್ತರ ಒಂದೇ, "ಇಂದಿರಾ ಗಾಂಧಿ." ಅರಸು ಹೆಸರು ಅವರ ಬಾಯಲ್ಲಿ ಬಂದದ್ದು ನಾನು ಕೇಳಿಲ್ಲ. ಕಾಗದಕ್ಕೆ ಸಹಿ ಮಾಡಿದ್ದು ಸಹಾಯಕ ಆಯುಕ್ತರು, ಕಾನೂನು ಮಾಡಿದ್ದು ಬೆಂಗಳೂರಿನ ವಿಧಾನಸಭೆ, ಮಾಡಿಸಿದ್ದು ಅರಸು. ಆದರೆ ಕೊಟ್ಟದ್ದು ದಿಲ್ಲಿಯಲ್ಲಿ ಕೂತ ಒಬ್ಬ ಹೆಂಗಸು.

ಇದು ಅಜ್ಜಿಯ ತಪ್ಪು ತಿಳುವಳಿಕೆ ಅಂತ ನಾನು ತುಂಬ ವರ್ಷ ನಂಬಿದ್ದೆ. ಈಗ ಅನ್ನಿಸ್ತದೆ, ಅಜ್ಜಿಗೆ ಹಾಗೆ ಹೇಳಿಕೊಟ್ಟದ್ದೇ ಅರಸು.

1971ರ "ಗರೀಬಿ ಹಟಾವೋ", 1975ರ ಇಪ್ಪತ್ತು ಅಂಶಗಳ ಕಾರ್ಯಕ್ರಮ. ಭೂಸುಧಾರಣೆ ಕೂಡ ಆ ಇಪ್ಪತ್ತರಲ್ಲಿ ಒಂದು. ಸಭೆಯಲ್ಲಿ ಅವರ ಚಿತ್ರ, ಗೋಡೆಯಲ್ಲಿ ಅವರ ಹೆಸರು. ಅರಸುಗೂ ಅದು ಬೇಕಿತ್ತು. ಅವರದ್ದು ಸಂಖ್ಯೆಯಲ್ಲಿ ಸಣ್ಣ ಸಮುದಾಯ. ಲಿಂಗಾಯತ, ಒಕ್ಕಲಿಗ ದೊಡ್ಡವರ ಎದುರು ಸಣ್ಣ ಸಣ್ಣ ಜಾತಿಗಳನ್ನು ಕಟ್ಟಿಕೊಂಡು ರಾಜಕೀಯ ಮಾಡಬೇಕಾದ್ರೆ ಮೇಲೆ ಒಂದು ದೊಡ್ಡ ಕೊಡೆ ಬೇಕು. ಕೊಡೆ ಹಿಡಿದದ್ದು ಯಾರು, ಕೊಡೆಯ ಕೆಳಗೆ ಕೆಲಸ ಮಾಡಿದ್ದು ಯಾರು ಅಂತ ಜನಕ್ಕೆ ಬಿಡಿಸಿ ಹೇಳುವ ಅಗತ್ಯ ಆಗ ಕಾಣಲಿಲ್ಲ.

ಕೇರಳದಲ್ಲೂ ಹೀಗೇ ಒಂದು ಜಗಳ ಇವತ್ತಿಗೂ ಉಂಟು. ಭೂಮಿ ಕೊಟ್ಟದ್ದು 1957ರ ಇಎಂಎಸ್ ಸರ್ಕಾರವಾ, ಗೌರಿಯಮ್ಮನಾ, ಅಚ್ಯುತ ಮೆನನ್ನಾ? ಎರಡು ಕಮ್ಯುನಿಸ್ಟ್ ಪಕ್ಷಗಳು ಇನ್ನೂ ಅದನ್ನು ಎಳೆದಾಡ್ತವೆ. ಬೆಳ್ತಂಗಡಿಯ ಮೂಡು ಭಾಗಕ್ಕೆ ಕೇರಳದಿಂದ ಬಂದು ರಬ್ಬರ್ ಹಾಕಿದ ಮನೆಗಳಲ್ಲಿ ಹಿರಿಯರಿದ್ರೆ ಕೇಳಿ ನೋಡಿ, ಚಹಾ ಆರುವವರೆಗೂ ಮಾತು ಮುಗಿಯುವುದಿಲ್ಲ.

ಭಾಗ 5

ಈಗ ಮೂರು ಓಟಿಗೆ ಬರುವ. ಅದಕ್ಕೂ ಮೊದಲು ಒಂದು ಸಂಖ್ಯೆ ನೆನಪಿಡಿ: 26.

1977ರಲ್ಲಿ ತುರ್ತು ಪರಿಸ್ಥಿತಿಯ ಸಿಟ್ಟಿಗೆ ಉತ್ತರ ಭಾರತದಲ್ಲಿ ಕಾಂಗ್ರೆಸ್ ತೊಳೆದು ಹೋಯ್ತು. ರಾಯ್‌ಬರೇಲಿಯಲ್ಲಿ ಇಂದಿರಾ ಅವರೇ ಸೋತ್ರು. ಕರ್ನಾಟಕದಲ್ಲಿ ಮಾತ್ರ 28ರಲ್ಲಿ 26 ಕಾಂಗ್ರೆಸ್. ಈ 26 ಯಾರದ್ದು? ದಿಲ್ಲಿಯವರಿಗೆ ಅದು ಇಂದಿರಾ ಮೇಲಿನ ದಕ್ಷಿಣದ ಪ್ರೀತಿ. ಬೆಂಗಳೂರಿನವರಿಗೆ ಅದು ಡಿಕ್ಲರೇಷನ್, ಮೀಸಲಾತಿ, ಅರಸು. ಒಂದೇ ಗಂಟು, ಇಬ್ಬರು ಯಜಮಾನರು. ಮುಂದಿನ ಜಗಳದ ಬೀಜ ಇಲ್ಲೇ ಬಿತ್ತು ಅಂತ ನನ್ನ ಲೆಕ್ಕ.

1977 ಮುಗಿಯುವಾಗ ಅರಸು ಸರ್ಕಾರ ಹೋಗಿ ರಾಷ್ಟ್ರಪತಿ ಆಳ್ವಿಕೆ ಬಂತು. ಪಕ್ಷದ ಒಳಗೆ ಕೆ.ಎಚ್. ಪಾಟೀಲರ ಬಣ ಅರಸು ವಿರುದ್ಧ ನಿಂತಿತ್ತು, ಹೊರಗೆ ದಿಲ್ಲಿಯ ಜನತಾ ಸರ್ಕಾರ ಗ್ರೋವರ್ ಆಯೋಗ ಕೂರಿಸಿ ಭ್ರಷ್ಟಾಚಾರದ ಆರೋಪಗಳನ್ನು ಕೆದಕ್ತಾ ಇತ್ತು. 1978ರ ಜನವರಿಯಲ್ಲಿ ಕಾಂಗ್ರೆಸ್ ಒಡೆದಾಗ ದೊಡ್ಡ ದೊಡ್ಡವರು ಇಂದಿರಾ ಅವರನ್ನು ಬಿಟ್ಟ್ರು. ಅರಸು ಬಿಡಲಿಲ್ಲ.

ಮೊದಲ ಓಟು, 1978 ಫೆಬ್ರವರಿ, ವಿಧಾನಸಭೆ. ಹೊಸ ಗುರುತು ಹಸ್ತ. ಇಂದಿರಾ ಕಾಂಗ್ರೆಸ್‌ಗೆ 224ರಲ್ಲಿ 149. ಬೆಳ್ತಂಗಡಿಯಲ್ಲೂ ಅದೇ ಪಕ್ಷದ ಕೆ. ಗಂಗಾಧರ ಗೌಡರು ಗೆದ್ರು. ಅರಸು ಮತ್ತೆ ಮುಖ್ಯಮಂತ್ರಿ. ನಮ್ಮ ಸುರತ್ಕಲ್‌ನ ಬಿ. ಸುಬ್ಬಯ್ಯ ಶೆಟ್ಟರು ಭೂಸುಧಾರಣೆಯ ಮಂತ್ರಿ ಆದ್ರು.

ಎರಡನೇ ಓಟು, 1978 ನವೆಂಬರ್. ಚಿಕ್ಕಮಗಳೂರಿನ ಸಂಸದ ಡಿ.ಬಿ. ಚಂದ್ರೇಗೌಡರು ಸೀಟು ಬಿಟ್ಟುಕೊಟ್ಟ್ರು, ಇಂದಿರಾ ನಿಂತ್ರು. ಎದುರಿಗೆ ಜನತಾ ಪಕ್ಷದ ವೀರೇಂದ್ರ ಪಾಟೀಲರು, ಹಿಂದೆ ಮುಖ್ಯಮಂತ್ರಿ ಆಗಿದ್ದವರು, ಸಣ್ಣ ಆಳಲ್ಲ. ಪ್ರಚಾರಕ್ಕೆ ಮಂಗಳೂರಿನವರೇ ಆದ ಕೇಂದ್ರ ಮಂತ್ರಿ ಜಾರ್ಜ್ ಫರ್ನಾಂಡಿಸ್ ಬಂದ್ರು. ಇಂದಿರಾ 77 ಸಾವಿರಕ್ಕೂ ಹೆಚ್ಚು ಓಟಿನಿಂದ ಗೆದ್ರು. ಡಿಸೆಂಬರ್‌ನಲ್ಲಿ ಲೋಕಸಭೆ ಅವರನ್ನು ಉಚ್ಚಾಟಿಸಿ ಜೈಲಿಗೂ ಕಳಿಸಿತು. ಅದು ಬೇರೆ ಕಥೆ. ನಮ್ಮ ಕಥೆಗೆ ಬೇಕಾದ್ದು ಇಷ್ಟು: ಆ ಗೆಲುವಿನ ಹಿಂದೆ ನಿಂತು ಎಲ್ಲ ನೋಡಿಕೊಂಡವರು ಅರಸು. ಘಾಟಿ ಮೇಲಿನ ಕಾಫಿ ತೋಟದ ಕೂಲಿಯವರಿಗೂ, ಘಾಟಿ ಕೆಳಗಿನ ಹೊಸ ಪಟ್ಟೆದಾರರಿಗೂ "ಇವರೇ ನಿಮ್ಮ ತಾಯಿ" ಅಂತ ತೋರಿಸಿಕೊಟ್ಟವರು ಅವರು.

ಭಾಗ 6

ಏಳೇ ತಿಂಗಳು.

ಅರಸು ಮುಖ್ಯಮಂತ್ರಿಯೂ ಹೌದು, ರಾಜ್ಯದಲ್ಲಿ ಪಕ್ಷದ ಅಧ್ಯಕ್ಷರೂ ಹೌದು. ಒಬ್ಬರಿಗೆ ಒಂದೇ ಹುದ್ದೆ ಸಾಕು ಅಂತ ದಿಲ್ಲಿಯಿಂದ ಮಾತು ಬಂತು. (ಈಗಿನ ಯಾವುದಾದರೂ ಜಗಳ ನಿಮಗೆ ನೆನಪಾದ್ರೆ ನಾನು ಜವಾಬ್ದಾರ ಅಲ್ಲ.) ಒಳಗೆ ಸಂಜಯ್ ಗಾಂಧಿಯ ಕೈ ಮತ್ತೆ ಮೇಲಾಗ್ತಾ ಇತ್ತು, ಅರಸುಗೆ ಅದು ಹಿಡಿಸಲಿಲ್ಲ. ಇಂದಿರಾಗೆ ತಾನೇ ಬೆಳೆದ ಮುಖ್ಯಮಂತ್ರಿ ಹಿಡಿಸಲಿಲ್ಲ. ಬಂಗಾರಪ್ಪನವರನ್ನು ರಾಜ್ಯಾಧ್ಯಕ್ಷ ಮಾಡಿದ್ರು. 1979ರ ಜೂನ್‌ನಲ್ಲಿ ಅರಸು ಪಕ್ಷದಿಂದ ಹೊರಗೆ.

ಹೊರಗೆ ಅಂದ್ರೆ ಕುರ್ಚಿಯಿಂದ ಅಲ್ಲ. ಹೆಚ್ಚಿನ ಶಾಸಕರು ಆಗ ಅರಸು ಜೊತೆಗೇ ಉಳಿದ್ರು, ಸರ್ಕಾರ ನಡೀತು. ಅರಸು ಹೆಸರಲ್ಲೇ ಇನ್ನೊಂದು ಕಾಂಗ್ರೆಸ್ ಆಯ್ತು, ಅವರು ಅದರ ರಾಷ್ಟ್ರೀಯ ಅಧ್ಯಕ್ಷ.

ಈಗ ತಗಡಿನ ಪೆಟ್ಟಿಗೆಗೆ ವಾಪಸು ಬನ್ನಿ. ನಮೂನೆ 7 ಸಲ್ಲಿಸಲು ಕೊನೆಯ ದಿನ ಮುಂದೆ ಹೋಗ್ತಾ ಹೋಗ್ತಾ ಕೊನೆಗೆ ನಿಂತದ್ದು ಯಾವತ್ತು ಗೊತ್ತುಂಟಾ? 1979ರ ಜೂನ್ 30. ಅದೇ ತಿಂಗಳು! ಮೇಲೆ ಇಬ್ಬರು ಯಜಮಾನರು ಬೇರೆಯಾಗುವಾಗ ಕೆಳಗೆ ತಾಲೂಕು ಕಚೇರಿಯಲ್ಲಿ ಕೊನೆಯ ಅರ್ಜಿಗಳು ಬೀಳ್ತಾ ಇದ್ವು. ರಾಜ್ಯದಲ್ಲಿ ಒಟ್ಟು ಸುಮಾರು 8 ಲಕ್ಷ ಅರ್ಜಿ, ನಮ್ಮ ಜಿಲ್ಲೆಯ ಪಾಲು ಅದರಲ್ಲಿ ತುಂಬ ದೊಡ್ಡದು.

ಕಾಯುವವನ ಕಣ್ಣಿಂದ ನೋಡಿ. ಧಣಿ ಜೊತೆ ಮಾತು ಬಿಟ್ಟಾಗಿದೆ, ಇನ್ನು ವಾಪಸು ಹೋಗುವ ದಾರಿ ಇಲ್ಲ. ಮಂಡಳಿಯ ನಾಲ್ಕು ಸದಸ್ಯರನ್ನು ನೇಮಿಸುವುದು ಸರ್ಕಾರ. ಸರ್ಕಾರ ಯಾರದ್ದು ಅಂತಲೇ ಗ್ಯಾರಂಟಿ ಇಲ್ಲ. ನಿನ್ನೆವರೆಗೆ ಒಟ್ಟಿಗೆ ಭಾಷಣ ಮಾಡಿದವರು ಇವತ್ತು ಬೇರೆ ಬೇರೆ ಜೀಪಿನಲ್ಲಿ ಬಂದು ಒಬ್ಬರನ್ನೊಬ್ಬರು ದ್ರೋಹಿ ಅಂತಾರೆ. ಅವನಿಗೆ ಬೇಕಾದ್ದು ಆದೇಶದ ಪ್ರತಿ. ಸಿಕ್ಕಿದ್ದು ಯಾರು ನಿಜವಾದ ಕಾಂಗ್ರೆಸ್ ಅನ್ನುವ ಚರ್ಚೆ.

ಭಾಗ 7

ಮೂರನೇ ಓಟು, 1980ರ ಜನವರಿ ಮೊದಲ ವಾರ, ಲೋಕಸಭೆ.

28ರಲ್ಲಿ 27 ಇಂದಿರಾ ಕಾಂಗ್ರೆಸ್. ಒಂದು ಜನತಾ ಪಕ್ಷ, ಬೆಂಗಳೂರು ದಕ್ಷಿಣ. ಅರಸು ಕಾಂಗ್ರೆಸ್‌ಗೆ ಸೊನ್ನೆ. ಮುಖ್ಯಮಂತ್ರಿ ಗದ್ದಿಗೆಯಲ್ಲಿ ಕೂತಿರುವಾಗಲೇ ಸೊನ್ನೆ. ನೆರಿಯ ಇದ್ದ ಚಿಕ್ಕಮಗಳೂರೂ ಆ 27ರ ಒಳಗೆ.

ಆಮೇಲೆ ನಡೆದದ್ದಕ್ಕೆ ಹೆಚ್ಚು ಶಬ್ದ ಬೇಡ. ಶಾಸಕರು ರಾತ್ರಿ ಬೆಳಗಾಗುವುದರೊಳಗೆ ದಾಟಿದ್ರು. ಜನವರಿ 12ಕ್ಕೆ ಸೋಮವಾರಪೇಟೆಯ ಗುಂಡೂರಾಯರು ಮುಖ್ಯಮಂತ್ರಿ. ಅಧ್ಯಕ್ಷರಾಗಿ ಅರಸು ವಿರುದ್ಧ ಹೋರಾಡಿದ ಬಂಗಾರಪ್ಪನವರಿಗೆ ಆ ಕುರ್ಚಿ ಸಿಗಲಿಲ್ಲ. ಅವರೂ ಸ್ವಲ್ಪ ಸಮಯದಲ್ಲಿ ಹೊರಗೆ ಬಂದ್ರು, ಅರಸು ಕಟ್ಟಿದ ಕ್ರಾಂತಿರಂಗಕ್ಕೇ ಬಂದು ಸೇರಿದ್ರು. 1982ರ ಜೂನ್ 6ರಂದು ಅರಸು ತೀರಿಕೊಂಡ್ರು.

"ಜನ ಕೃತಘ್ನರು" ಅಂತ ಈ ಕಥೆ ಹೇಳುವವರು ಇದ್ದಾರೆ. ಜಾಗ ಕೊಟ್ಟವನನ್ನೇ ಸೋಲಿಸಿದ್ರು ಅಂತ. ನನಗೆ ಆ ಮಾತು ಕೇಳಿದ್ರೆ ಸಿಟ್ಟು ಬರ್ತದೆ. ನೆರಿಯದ ಒಕ್ಕಲಿನ ಜಾಗದಲ್ಲಿ ನಿಂತು ನೋಡಿ. ಅವನು ಹಸ್ತಕ್ಕೆ ಓಟು ಹಾಕಿದ, ಮತ್ತೆ ಹಸ್ತಕ್ಕೆ ಹಾಕಿದ, ಮೂರನೇ ಸಲವೂ ಹಸ್ತಕ್ಕೇ ಹಾಕಿದ. ಅವನು ಎಲ್ಲಿಗೂ ಹೋಗಲಿಲ್ಲ. ಹೋದದ್ದು ಅರಸು. "ನಾನೇ ಕೊಟ್ಟದ್ದು, ಅವರಲ್ಲ" ಅಂತ ಆರು ತಿಂಗಳಲ್ಲಿ ಹೇಳಿ ಒಪ್ಪಿಸಬೇಕಿತ್ತು. ಏಳು ವರ್ಷ "ಅವರೇ ಕೊಟ್ಟದ್ದು" ಅಂತ ಹೇಳಿದ ಬಾಯಿ ಅದು.

ಭಾಗ 8

ಆದರೆ ಇಷ್ಟೇ ಹೇಳಿ ಮುಗಿಸಿದ್ರೆ ಅದೂ ಅರ್ಧ ಸತ್ಯ. ಅಸಮಾಧಾನ ಇತ್ತು. ಜಗಳಕ್ಕೂ ಮೊದಲೇ ಇತ್ತು. ಇದನ್ನು ಬರೆಯುವಾಗ ನನ್ನ ಮನೆಯೇ ಲಾಭ ಪಡೆದ ಮನೆ ಅನ್ನುವುದು ನಿಮಗೆ ನೆನಪಿರಲಿ.

ಎಲ್ಲ ಧಣಿಯೂ ನೂರು ಮುಡಿಯ ಧಣಿ ಅಲ್ಲ. ಎರಡೆಕರೆ ಗದ್ದೆ ಗೇಣಿಗೆ ಕೊಟ್ಟು ಅದರಲ್ಲೇ ಊಟ ಕಂಡ ವಿಧವೆ, ದೂರದ ಶಾಲೆಯ ಮಾಷ್ಟ್ರು, ಇವರ ಜಾಗವೂ ಹೋಯ್ತು. ಕಾಯ್ದೆ ಸೈನಿಕರಿಗೆ, ನಾವಿಕರಿಗೆ ಮಾತ್ರ ವಿನಾಯಿತಿ ಇಟ್ಟಿತ್ತು. ದೇವಸ್ಥಾನಗಳಿಗೆ ಬರ್ತಿದ್ದ ಗೇಣಿ ಅಕ್ಕಿ ನಿಂತಿತು, ಬದಲಿಗೆ ಸರ್ಕಾರದ ತಸ್ದೀಕ್ ಹಣ. ಅರ್ಚಕರ ಮನೆಯಲ್ಲಿ ತಸ್ದೀಕ್ ಅಂದು ನೋಡಿ, ಮುಖ ಹೇಗೆ ಆಗ್ತದೆ ಅಂತ.

ಮತ್ತೆ ಒಕ್ಕಲಿನ ಕೆಳಗೆ ಇದ್ದವರು. ಇದು ಮುಖ್ಯ, ನಿಧಾನಕ್ಕೆ ಓದಿ. ಉಳುವವನೇ ಹೊಲದೊಡೆಯ ಅಂತ ಘೋಷಣೆ. ಆದರೆ ನಿಜವಾಗಿ ಕೆಸರಲ್ಲಿ ಇಳಿದು ಉತ್ತವನು, ನೇಜಿ ನೆಟ್ಟವಳು ಯಾರು? ತುಂಬ ಕಡೆ ಮೂಲದಾಳುಗಳು, ದಲಿತರು. ಅವರ ಹೆಸರಲ್ಲಿ ಗೇಣಿ ಇರಲಿಲ್ಲ, ಕೂಲಿ ಇತ್ತು. ಕೂಲಿಯವನು ಗೇಣಿದಾರ ಅಲ್ಲ. ಅವನಿಗೆ ನಮೂನೆ 7 ಇಲ್ಲ. ಸಿಕ್ಕಿದ್ದು ಹೆಚ್ಚಂದ್ರೆ ಗುಡಿಸಲು ನಿಂತ ಮನೆ ಅಡಿ. ಬಿಲ್ಲವ, ಗೌಡ, ಬಂಟ, ಕ್ರೈಸ್ತ, ಬ್ಯಾರಿ ಒಕ್ಕಲುಗಳು ಯಜಮಾನರಾದ್ರು. ಅವರ ಗದ್ದೆಗೆ ಅದೇ ಆಳುಗಳು ಮರುದಿನವೂ ಅದೇ ಹೊತ್ತಿಗೆ ಬಂದ್ರು. ನಮ್ಮ ಗದ್ದೆಗೂ ಬಂದ್ರು.

ರಬ್ಬರ್, ಕಾಫಿ, ಕಾಳುಮೆಣಸು, ಏಲಕ್ಕಿ ತೋಟಗಳು ಕಾಯ್ದೆಯ ಹೊರಗೆ ಉಳಿದ್ವು. ಘಾಟಿಯ ಬುಡದಲ್ಲಿ ಇದು ಸಣ್ಣ ವಿಷಯ ಅಲ್ಲ. ಮತ್ತೆ ಕುಮ್ಕಿ. ಹಳೆಯ ವರ್ಗ ಜಾಗದ ಗಡಿಯಿಂದ 100 ಗಜದೊಳಗಿನ ಸರ್ಕಾರಿ ಗುಡ್ಡ, ಸೊಪ್ಪು ಸೌದೆಗೆ, ದನ ಮೇಯಿಸುವುದಕ್ಕೆ. ಗದ್ದೆಗೆ ಪಟ್ಟೆ ಆಯ್ತು, ಕುಮ್ಕಿ ಬರೇ ಸವಲತ್ತಾಗಿ ಉಳಿಯಿತು. ಸೊಪ್ಪಿಲ್ಲದೆ ಗದ್ದೆ ಉಂಟಾ? ಆ ಕುಮ್ಕಿಯಲ್ಲಿ ಈಗ ಅಡಿಕೆ ನಿಂತಿದೆ, ಮನೆ ನಿಂತಿದೆ, ಪ್ರತಿ ಚುನಾವಣೆಗೂ "ಕುಮ್ಕಿ ಹಕ್ಕು ಕೊಡ್ತೇವೆ" ಅನ್ನುವ ಭಾಷಣವೂ ನಿಂತಿದೆ.

ಭಾಗ 9

ಮುಂದಿನದ್ದು ಬೇಗ ಹೇಳ್ತೇನೆ.

ಗುಂಡೂರಾಯರ ಕಾಲದಲ್ಲಿ 1980ರಲ್ಲಿ ನರಗುಂದ ನವಲಗುಂದದಲ್ಲಿ ರೈತರ ಮೇಲೆ ಗೋಲಿಬಾರು, ಆಮೇಲೆ ಗೋಕಾಕ್ ಚಳವಳಿ. 1983ರಲ್ಲಿ ಜನತಾ ರಂಗ ಗೆದ್ದು ರಾಮಕೃಷ್ಣ ಹೆಗಡೆ ಬಂದ್ರು. ಜನತಾ ಪಕ್ಷಕ್ಕೆ 95 ಸೀಟು, ಹೊರಗಿನಿಂದ ಬಿಜೆಪಿಯೂ ಎಡಪಕ್ಷಗಳೂ ಬೆಂಬಲ. ಬಿಜೆಪಿಗೆ ಆ ಸಲ 18 ಸೀಟು, ಅದರಲ್ಲಿ ಒಂದು ಬೆಳ್ತಂಗಡಿ, ಕೆ. ವಸಂತ ಬಂಗೇರರು.

ಇಲ್ಲಿ ಸ್ವಲ್ಪ ಯೋಚನೆ ಮಾಡಿ. ಭೂಸುಧಾರಣೆ ರಾಜ್ಯದಲ್ಲಿ ಅತಿ ಚೆನ್ನಾಗಿ ನಡೆದದ್ದು ಕರಾವಳಿಯಲ್ಲಿ. ಬಿಜೆಪಿ ಮೊದಲು ಬೇರು ಬಿಟ್ಟ ಕಡೆಗಳಲ್ಲಿ ಒಂದೂ ಕರಾವಳಿಯೇ. ಜಾಗ ಸಿಕ್ಕಿದವನು ಜಾಗದ ಹೆಸರಲ್ಲಿ ಓಟು ಕೇಳುವವರಿಗೆ ಕಟ್ಟುಬೀಳಲಿಲ್ಲ. ಅವನ ಮಕ್ಕಳು ಶಾಲೆಗೆ ಹೋದ್ರು, ಬ್ಯಾಂಕಿಗೆ, ಮುಂಬೈಗೆ, ಗಲ್ಫಿಗೆ ಹೋದ್ರು. ಅವರಿಗೆ ಬೇರೆ ಮಾತು ಬೇಕಿತ್ತು, ಬೇರೆಯವರು ಆ ಮಾತು ಹೇಳಿದ್ರು. ಎಡದವರು ಇನ್ನೂ ಒಕ್ಕಲುಗಳ ಜೊತೆ ಮಾತಾಡ್ತಿದ್ರು, ಎದುರಿಗೆ ಕೂತದ್ದು ಪಟ್ಟೆದಾರರು.

ಜನತಾದವರ ಕಥೆಯೂ ಅದೇ ರಾಗ. ಹೆಗಡೆ, ದೇವೇಗೌಡ, ಬೊಮ್ಮಾಯಿ ನಡುವಿನ ಎಳೆದಾಟ. 1988ರಲ್ಲಿ ಟೆಲಿಫೋನ್ ಕದ್ದಾಲಿಕೆ ವಿವಾದಕ್ಕೆ ಹೆಗಡೆ ರಾಜೀನಾಮೆ, 1989ರ ಏಪ್ರಿಲ್‌ನಲ್ಲಿ ಬೊಮ್ಮಾಯಿ ಸರ್ಕಾರ ವಜಾ, ವರ್ಷ ಮುಗಿಯುವ ಮೊದಲು ಕಾಂಗ್ರೆಸ್‌ಗೆ 178 ಸೀಟು. 1994ರಲ್ಲಿ ಜನತಾ ದಳ ಮತ್ತೆ 115 ಗೆದ್ದು ಬಂತು. 1996ರಲ್ಲಿ ದೇವೇಗೌಡರು ಪ್ರಧಾನಿ ಆದ್ರು, ಅದೇ ತಿಂಗಳು ಹೆಗಡೆಯವರು ಪಕ್ಷದಿಂದ ಉಚ್ಚಾಟನೆ. 1999ಕ್ಕೆ ದಳ ಎರಡು ಹೋಳು, ಸರ್ಕಾರವೂ ಹೋಯ್ತು. ಬೆಳ್ತಂಗಡಿ ಈ ಎಲ್ಲ ಗಾಳಿಗೂ ತಿರುಗಿದೆ: 1989ರಲ್ಲಿ ಮತ್ತೆ ಗಂಗಾಧರ ಗೌಡರು, 1994ರಲ್ಲಿ ಬಂಗೇರರು, ಈ ಸಲ ಜನತಾ ದಳದಿಂದ. 2008 ಮತ್ತು 2013ರಲ್ಲಿ ಅದೇ ಬಂಗೇರರು ಕಾಂಗ್ರೆಸ್‌ನಿಂದ. ಒಬ್ಬರೇ ಮನುಷ್ಯ, ಮೂರು ಪಕ್ಷ. ನಮ್ಮ ಜನ ಪಕ್ಷಕ್ಕಿಂತ ಪರಿಚಯಕ್ಕೆ ಓಟು ಹಾಕುವವರು ಅಂತ ಇದರಿಂದ ನಾನು ಹೇಳಿದ್ರೆ ನಗ್ಬೇಡಿ.

ಭಾಗ 10

ಕೊನೆಯ ಫೋಟೋ ನೆರಿಯದ ಮೇಲಿನ ಕಾಡಿನ ದಾರಿ. ಒಳಗೆ ಹೋದ್ರೆ ಬಾಂಜಾರುಮಲೆ, ಮಲೆಕುಡಿಯರ ಊರು, ನೆರಿಯ ಗ್ರಾಮಕ್ಕೇ ಸೇರಿದ್ದು.

2024ರ ಏಪ್ರಿಲ್ 26ರಂದು ಲೋಕಸಭಾ ಚುನಾವಣೆಯ ದಿನ ಇಲ್ಲಿಯ ಮತಗಟ್ಟೆ ಸುದ್ದಿ ಆಯ್ತು. ಪಟ್ಟಿಯಲ್ಲಿ 111 ಹೆಸರು, ಬಿದ್ದದ್ದು 111 ಓಟು. ನೂರಕ್ಕೆ ನೂರು. ಪೇಟೆಯಲ್ಲಿ ಕೂತು ಓಟಿಗೆ ಹೋಗದವರಿಗೆ ಬೈಯಲು ಅವತ್ತು ಎಲ್ಲರಿಗೂ ಬಾಂಜಾರುಮಲೆ ಬೇಕಾಯ್ತು.

1974ರ ಡಿಕ್ಲರೇಷನ್ ಕಾಡಿನಲ್ಲಿ ಬದುಕಿದವರಿಗಾಗಿ ಬರೆದದ್ದಲ್ಲ. ಅರಣ್ಯದ ಜಾಗಕ್ಕೆ ಧಣಿಯೂ ಇಲ್ಲ, ಗೇಣಿಯೂ ಇಲ್ಲ, ಹಾಗಾಗಿ ನಮೂನೆ 7ಕ್ಕೆ ಅರ್ಥವೂ ಇಲ್ಲ. ಕಾಡಿನ ಜನಕ್ಕೆ ಹಕ್ಕುಪತ್ರ ಕೊಡುವ ಕಾನೂನು ಬಂದದ್ದು 2006ರಲ್ಲಿ, ಗೇಣಿ ಕಾನೂನಿನ 32 ವರ್ಷದ ನಂತರ. ಈ ಮಧ್ಯೆ ಎಷ್ಟು ಮುಖ್ಯಮಂತ್ರಿಗಳು ಬಂದು ಹೋದ್ರು, ಎಷ್ಟು ಪಕ್ಷ ಒಡೆಯಿತು, ಎಣಿಸ್ತಾ ಹೋಗಿ.

ಇನ್ನು ನಿಮ್ಮ ಸರದಿ. ಬೆಳ್ತಂಗಡಿ, ಬಂಟ್ವಾಳ, ಮೂಡುಬಿದಿರೆ ಕಡೆಯವರು ಯಾರೇ ಓದ್ತಾ ಇದ್ರೂ ಮನೆಗೆ ಹೋದಾಗ ಹಳೆ ಪೆಟ್ಟಿಗೆ ತೆಗೆದು ನೋಡಿ. ಭೂ ನ್ಯಾಯಮಂಡಳಿಯ ಆದೇಶ ಇದ್ರೆ ಅದರ ತಾರೀಕು ನೋಡಿ. 1979 ಜೂನ್‌ಗಿಂತ ಮೊದಲಿನದ್ದಾ, ನಂತರದ್ದಾ? ಹಿರಿಯರು ಇದ್ರೆ ಎರಡು ಪ್ರಶ್ನೆ ಕೇಳಿ: ಜಾಗ ಕೊಟ್ಟದ್ದು ಯಾರು, ಮತ್ತೆ 1980ರಲ್ಲಿ ಓಟು ಹಾಕಿದ್ದು ಯಾರಿಗೆ. ನಿಮ್ಮದು ಜಾಗ ಕಳಕೊಂಡ ಮನೆ ಆದ್ರೆ ಆ ಕಥೆಯೂ ಬರೆಯಿರಿ. ನಮೂನೆ 7 ಹಾಕಲು ಆಗದೇ ಹೋದ ಮನೆಯವರಾದ್ರೆ ದಯವಿಟ್ಟು ಬರೆಯಲೇಬೇಕು, ಪುಸ್ತಕಗಳಲ್ಲಿ ನಿಮ್ಮದು ಅರ್ಧ ಸಾಲು ಸಿಕ್ಕಿದ್ರೆ ಹೆಚ್ಚು. ಫೋಟೋ ಹಾಕುವಾಗ ಹೆಸರು, ಸರ್ವೆ ನಂಬರ್ ಮುಚ್ಚಿ ಹಾಕಿ ಮಾರಾಯ್ರೆ, ಜಾಗದ ವಿಷಯ.